ಮಕ್ಕಳಿಗೂ ಪ್ರವೇಶವುಂಟು

ಪಂಕ್ ಸಂಗೀತ ಎಂದರೆ ನಮ್ಮವರಿಗೆ ಥಟ್ಟನೆ ಕಾಣುವುದು ಬಣ್ಣ ಬಳಿದು ನೆಟ್ಟಗೆ ನಿಲ್ಲಿಸಿದ ಜುಟ್ಟು, ಹರಿದ ಜಾಕೆಟ್ಟು, ಕೈಯಲ್ಲೊಂದು ಬಾಟಲಿ. ಲಂಡನ್ನಿನಿಂದ ಬಂದ ಆ ಚಿತ್ರ ಸುಳ್ಳಲ್ಲ. ಆದರೆ ನಾವಿರುವ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಲವತ್ತು ವರ್ಷಕ್ಕೂ ಮೀರಿ ಬಾಳಿರುವ ಪಂಕ್‌ನ ಸ್ವಭಾವವೇ ಬೇರೆ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಕೆಲವರು ಕುಡಿಯುತ್ತಿರಲಿಲ್ಲ. ಟಿಕೆಟಿಗೆ ಹೆಚ್ಚು ದುಡ್ಡು ಕೇಳಲು ಅವರಿಗೆ ಮನಸ್ಸು ಬರಲಿಲ್ಲ. ಯಾವ ವಯಸ್ಸಿನವರನ್ನೂ ಬಾಗಿಲಲ್ಲಿ ತಡೆಯಬಾರದು ಎಂಬುದಂತೂ ಅವರಿಗೆ ವ್ರತವೇ ಆಗಿತ್ತು. ಕಳೆದ ಶುಕ್ರವಾರ ಸಂಜೆ, ಸಾಗರದಿಂದ ಬಂದಿರುವ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ನಾವು ಅಂಥದೊಂದು ಕಾರ್ಯಕ್ರಮಕ್ಕೆ ಹೋಗಿದ್ದೆವು.

ಅದಕ್ಕೆ ಮುಂಚಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬೇಸಿಗೆ ರಜೆ ಇರುವುದು ಮಕ್ಕಳಿಗೆ, ಅಪ್ಪ ಅಮ್ಮಂದಿರಿಗಲ್ಲ. ಬೆಳಗ್ಗೆ ಕ್ಯಾಂಪಿಗೆ ಹೋಗುವವರ ಊಟದ ಡಬ್ಬಿ, ಈಜಿನ ಟವೆಲ್ಲು, ಬಿಸಿಲಿಗೆ ಹಚ್ಚುವ ಲೋಷನ್ನು. ಸಂಜೆ ಅವೇ ಟವೆಲ್ಲುಗಳು ಕಾರಿನ ಹಿಂದಿನ ಸೀಟಿನಲ್ಲಿ ಮುಗ್ಗಲು ವಾಸನೆ ಹೊಡೆಯುತ್ತ ಬಿದ್ದಿರುತ್ತವೆ. ಮಗನಿಗೆ ಹಲ್ಲೊಂದು ಅಲ್ಲಾಡುತ್ತಿದೆ, ಊಟಕ್ಕೆ ಕೂತಾಗಲೆಲ್ಲ ಅದರ ವರದಿ. ಹೆಂಡತಿಗೆ ಆಫೀಸಿನಲ್ಲಿ ಡೆಡ್‌ಲೈನು, ಆದ್ದರಿಂದ ಅಡುಗೆ ಅಮ್ಮನದು, ಪಾತ್ರೆ ನನ್ನದು. ಪಾತ್ರೆ ತೊಳೆಯುವಾಗ ನಾನು ಏನು ಕೇಳುತ್ತೇನೆಂದು ಯಾರೂ ಪ್ರಶ್ನೆ ಮಾಡುವುದಿಲ್ಲ. ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿಕೊಂಡು ಕೇಳಿದ ಅವೇ ಗಿಟಾರು, ಅದೇ ಕಿರುಚಾಟ. ಉಳಿದ ಹೊತ್ತಿನಲ್ಲಿ ಕಾರಿನ ಸ್ಪೀಕರು ಮಕ್ಕಳ ಸೊತ್ತು.

ಮಗಳಿಗೆ ಮೈಸೂರಿನ ಮೇಷ್ಟ್ರಿಂದ ಆನ್‌ಲೈನ್ ಪಿಟೀಲು ಪಾಠ. ಅಲ್ಲಿ ಸಂಜೆ, ಇಲ್ಲಿ ಬೆಳಗಿನ ಏಳು ಗಂಟೆ. ಮೇಷ್ಟ್ರು ಒಳ್ಳೆಯವರು, ತಾಳ್ಮೆಯವರು. ಆದರೆ ಇಂಟರ್‌ನೆಟ್ಟಿನ ಎರಡು ತುದಿಯಲ್ಲಿ ಕೂತು ಒಟ್ಟಿಗೆ ನುಡಿಸಲು ಆಗುವುದಿಲ್ಲ. ಸದ್ದು ಅಲ್ಲಿಂದ ಇಲ್ಲಿಗೆ ತಲುಪುವಷ್ಟರಲ್ಲಿ ತಾಳ ಜಾರಿರುತ್ತದೆ. ಹಾಗಾಗಿ ಅವರು ನುಡಿಸಿ ನಿಲ್ಲಿಸುತ್ತಾರೆ, ಆಮೇಲೆ ಇವಳು. ಜಂಟಿ ವರಸೆಯೂ ಒಂಟಿಯಾಗಿಯೇ ಸಾಗಬೇಕು. ಬುಧವಾರ ಪಿಟೀಲನ್ನು ಪೆಟ್ಟಿಗೆಗೆ ಇಡುತ್ತ ಅವಳು ಕೇಳಿದಳು: "ಅಪ್ಪ, ಇದನ್ನೆಲ್ಲ ಜನ ಎಲ್ಲಿ ಕೂತ್ಕೊಂಡು ಕೇಳ್ತಾರೆ?"

ನ್ಯಾಯವಾದ ಪ್ರಶ್ನೆ. ಇಲ್ಲಿ ನಮ್ಮವರ ಸಂಗೀತ ಸಭೆಗಳು ಇವೆ, ದೊಡ್ಡ ವಿದ್ವಾಂಸರೂ ಬರುತ್ತಾರೆ. ಆದರೆ ಈಚೆಗೆ ನಮಗೆ ಬಂದ ಆಹ್ವಾನ ಪತ್ರಿಕೆಯೊಂದರ ಕೆಳಗೆ, ಎಂಟು ವರ್ಷದೊಳಗಿನ ಮಕ್ಕಳನ್ನು ದಯವಿಟ್ಟು ಕರೆತರಬೇಡಿ ಎಂದಿತ್ತು. ಆರು ವರ್ಷದ ಹುಡುಗನಿರುವ ಮನೆಯಲ್ಲಿ ಇದರ ಅರ್ಥ, ಅಪ್ಪ ಅಥವಾ ಅಮ್ಮ ಒಬ್ಬರು ಮನೆಯಲ್ಲೇ ಉಳಿಯಬೇಕು. ಯಾರು ಉಳಿಯಬೇಕೆಂಬ ಮಾತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಹೋಗುವ ಹುರುಪು ಇಳಿದಿರುತ್ತದೆ. ನಿಶ್ಶಬ್ದ ಬೇಕು ಎನ್ನುವ ವ್ಯವಸ್ಥಾಪಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಇದೇ ಊರಿನ ಪಂಕ್ ಹುಡುಗರು ಈ ಬಾಗಿಲಿನ ಸಮಸ್ಯೆಯನ್ನು 1980ರಲ್ಲೇ ಎದುರಿಸಿ, ಸರಳವಾಗಿ ಬಿಡಿಸಿದ್ದರು ಎಂಬುದು ನೆನಪಾಗುತ್ತದೆ.

ಆ ಕತೆ ಹೀಗೆ. ಟೀನ್ ಐಡಲ್ಸ್ ಎಂಬ ತಂಡ. ಎಲ್ಲರೂ ಹೈಸ್ಕೂಲಿನ ಆಸುಪಾಸಿನ ವಯಸ್ಸಿನವರು. ಸಂಗೀತ ನಡೆಯುತ್ತಿದ್ದುದು ಬಾರುಗಳಲ್ಲಿ, ವಯಸ್ಸಾಗದವರಿಗೆ ಅಲ್ಲಿ ಪ್ರವೇಶವಿಲ್ಲ. 1980ರ ಬೇಸಿಗೆಯಲ್ಲಿ ಇವರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೋದ ಮಬುಹಾಯ್ ಗಾರ್ಡನ್ಸ್‌ನವರು ಇವರನ್ನು ಹೊರಹಾಕುವ ಬದಲು ಕೈ ಮೇಲೆ ದೊಡ್ಡದೊಂದು ಕತ್ತರಿ ಗುರುತು (X) ಬರೆದು ಒಳಗೆ ಬಿಟ್ಟರು. ಈ ಗುರುತು ಕಂಡರೆ ಹೆಂಡ ಕೊಡಬಾರದು, ಅಷ್ಟೇ. ಊರಿಗೆ ಮರಳಿದ ಹುಡುಗರು ಆಗತಾನೇ ತೆರೆದಿದ್ದ 9:30 ಕ್ಲಬ್ಬಿನವರ ಮುಂದೆ ಇದೇ ಉಪಾಯ ಇಟ್ಟರು. ನಮ್ಮ ಕೈಗೆ ಗುರುತು ಹಾಕಿ. ಕುಡಿದದ್ದು ಕಂಡರೆ ಆಚೆ ತಳ್ಳಿ. ಕ್ಲಬ್ಬು ಒಪ್ಪಿತು. ವಯಸ್ಸು ಸಾಲದು ಎಂದು ಹಾಕಿದ ಗುರುತು ಮುಂದೆ, ಕುಡಿಯುವುದಿಲ್ಲ ಎಂದು ತಾವಾಗಿಯೇ ನಿರ್ಧರಿಸಿದವರ ಹೆಮ್ಮೆಯ ಗುರುತಾಗಿ ಲೋಕವೆಲ್ಲ ಸುತ್ತಿತು.

ತಂಡ ಮಾತ್ರ ಅದೇ ವರ್ಷ ಒಡೆಯಿತು. ಕೂಡಿಟ್ಟ ದುಡ್ಡು ಸುಮಾರು 600 ಡಾಲರು. ಹಂಚಿಕೊಳ್ಳುವ ಬದಲು ಅದರಲ್ಲಿ ರೆಕಾರ್ಡು ಮಾಡಿಸಿದರು. ಅದಕ್ಕಾಗಿಯೇ ತಂಡದ ಇಯಾನ್ ಮೆಕೈ, ಜೆಫ್ ನೆಲ್ಸನ್ ಮತ್ತು ಗೆಳೆಯರು ಡಿಸ್ಕಾರ್ಡ್ ಎಂಬ ಸಂಸ್ಥೆ ಹುಟ್ಟುಹಾಕಿದರು. ರೆಕಾರ್ಡಿನ ಕವರು ಮಾಡುವುದು ಹೇಗೆಂದು ತಿಳಿಯದೆ, ಇಂಗ್ಲೆಂಡಿನ ರೆಕಾರ್ಡೊಂದರ ಕವರನ್ನು ಬಿಡಿಸಿ ಹರಡಿ, ಅದರ ಅಳತೆಗೆ ಗೆರೆ ಎಳೆದು, ಕತ್ತರಿಸಿ, ಮಡಚಿ, ಕೈಯಲ್ಲೇ ಅಂಟಿಸಿದರಂತೆ. ಮಗಳ ಸೈನ್ಸ್ ಪ್ರಾಜೆಕ್ಟಿಗೆ ರಾತ್ರಿ ಹನ್ನೊಂದಕ್ಕೆ ರಟ್ಟು ಕತ್ತರಿಸಿ ಕೊಡುವ ನನಗೆ ಈ ಭಾಗ ಬಹಳ ಪ್ರಿಯ.

ಇದೇ ಮೆಕೈ ಮುಂದೆ ಫುಗಾಜಿ ತಂಡದಲ್ಲಿ 1987ರಿಂದ 2002ರವರೆಗೆ ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟರು. ಬಹುಪಾಲು ಕಡೆ ಟಿಕೆಟಿಗೆ ಐದೇ ಡಾಲರು, ಎಲ್ಲ ವಯಸ್ಸಿನವರಿಗೂ ಪ್ರವೇಶ. ನೂಕಿ ಗುದ್ದಿ ಪಕ್ಕದವರಿಗೆ ನೋವು ಮಾಡುವವರು ಕಂಡರೆ ಹಾಡು ನಿಲ್ಲಿಸಿ, ಲಕೋಟೆಯಲ್ಲಿ ಐದು ಡಾಲರು ಇಟ್ಟು ಕೈಗೆ ಕೊಟ್ಟು ಹೊರಗೆ ಕಳಿಸುತ್ತಿದ್ದರು. ದುಡ್ಡು ವಾಪಸು, ಲೆಕ್ಕ ಚುಕ್ತಾ. ಎಲ್ಲರನ್ನೂ ಒಳಗೆ ಬಿಡುವುದೆಂದರೆ ಶಿಸ್ತಿಲ್ಲದಿರುವುದಲ್ಲ ಎಂದು ತೋರಿಸಿಕೊಟ್ಟ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ. ಮೆಕೈ ಡ್ರಮ್ ನುಡಿಸುವ ಏಮಿ ಫರೀನಾ ಜೊತೆ ದಿ ಈವನ್ಸ್ ಎಂಬ ಇಬ್ಬರ ತಂಡವನ್ನೂ ಕಟ್ಟಿದರು. ಬಾರಿನ ಹಂಗೇ ಬೇಡವೆಂದು ಸ್ವಂತ ಪುಟ್ಟ ಸ್ಪೀಕರು ಹೊತ್ತುಕೊಂಡು ಲೈಬ್ರರಿ, ಸಮುದಾಯ ಭವನಗಳಲ್ಲಿ ತಗ್ಗಿದ ಸದ್ದಿನಲ್ಲಿ ನುಡಿಸಿದರು. ಪ್ಯಾನ್‌ಕೇಕ್ ಮೌಂಟನ್ ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಇಂಗ್ಲಿಷ್ ಸ್ವರಾಕ್ಷರಗಳ ಮೇಲೇ ಒಂದು ಹಾಡು ಮಾಡಿದರು. ನಮ್ಮ ಮನೆಯಲ್ಲಿ ಅಪ್ಪನಿಗೂ ಮಗನಿಗೂ ಸಮ್ಮತವಾದ ಪಂಕ್ ಹಾಡು ಅದೊಂದೇ.

ಈ ಊರಿನ ಪಂಕ್ ಚರಿತ್ರೆಯಲ್ಲಿ ತಾಯಂದಿರ ಪಾತ್ರವೂ ಇದೆ. ನಿರ್ವಾಣ ತಂಡದಿಂದ ಹೆಸರಾದ ಡೇವ್ ಗ್ರೋಲ್ ಬೆಳೆದದ್ದು ಪಕ್ಕದ ವರ್ಜೀನಿಯಾದಲ್ಲಿ. ಹದಿನೇಳಕ್ಕೆ ಓದು ಬಿಟ್ಟು ಸ್ಕ್ರೀಮ್ ಎಂಬ ಪಂಕ್ ತಂಡದೊಡನೆ ಹೊರಟುನಿಂತಾಗ, ಸ್ವತಃ ಶಾಲಾ ಶಿಕ್ಷಕಿಯಾಗಿದ್ದ ತಾಯಿ ವರ್ಜೀನಿಯಾ ಹ್ಯಾನ್‌ಲನ್ ಗ್ರೋಲ್ ಅಡ್ಡ ಬರಲಿಲ್ಲ. ಮುಂದೆ ಆಕೆ ಬೇರೆ ಬೇರೆ ಸಂಗೀತಗಾರರ ತಾಯಂದಿರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, 2017ರಲ್ಲಿ ಪುಸ್ತಕವನ್ನೇ ಬರೆದರು. ಹಾಗೆ ಮಗಳನ್ನು ಕಳಿಸಿಕೊಡುವ ಎದೆಗಾರಿಕೆ ನನಗಂತೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಶುಕ್ರವಾರ ನಾವು ಹೋದದ್ದು ಫೋರ್ಟ್ ರೀನೋಗೆ. ಅಂತರ್ಯುದ್ಧದ ಕಾಲದಲ್ಲಿ ಕೋಟೆಯಿದ್ದ ದಿಬ್ಬ, ವಾಷಿಂಗ್ಟನ್ ನಗರದ ಅತಿ ಎತ್ತರದ ಜಾಗ. ಅಲ್ಲಿನ ಹುಲ್ಲುಗಾವಲಿನಲ್ಲಿ 1968ರಿಂದ ಬೇಸಿಗೆಯ ಸಂಜೆಗಳಲ್ಲಿ ಬಿಟ್ಟಿ ಸಂಗೀತ ನಡೆಯುತ್ತ ಬಂದಿದೆ. ಫುಗಾಜಿಯೂ ಅಲ್ಲಿ ಎಷ್ಟೋ ಬೇಸಿಗೆ ನುಡಿಸಿತ್ತು. ಎದುರಿಗೇ ಮೆಕೈ ಓದಿದ ಹೈಸ್ಕೂಲು. ಹೆಂಡ ತರುವಂತಿಲ್ಲ, ಗಾಜಿನ ಬಾಟಲಿ ತರುವಂತಿಲ್ಲ. ನಾಯಿ ತರಬಹುದು, ಕೂಸುಗಳನ್ನು ತರಬಹುದು, ಅಜ್ಜಿಯನ್ನೂ ತರಬಹುದು. ಅಲ್ಲಿಗೆ ಬಂದ ಅಜ್ಜಿ ತಾನೊಬ್ಬಳೇ ಅಲ್ಲ ಎಂಬುದು ಅಮ್ಮನಿಗೆ ದೊಡ್ಡ ಸಮಾಧಾನ. ನಮ್ಮ ಮಡಚು ಕುರ್ಚಿಯ ಪಕ್ಕದಲ್ಲಿ ತೋಳು ತುಂಬ ಹಚ್ಚೆ ಹಾಕಿಸಿಕೊಂಡ ನರೆಗೂದಲಿನ ಹೆಂಗಸೊಬ್ಬರು ಮೊಮ್ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದರು. ಅಮ್ಮ ಡಬ್ಬಿ ತೆಗೆದು ಅವರ ಮುಂದೆ ಹಲಸಿನ ಹಪ್ಪಳ ಹಿಡಿದಳು. ಆಮೇಲೆ ಅವರಿಬ್ಬರಿಗೆ ನಮ್ಮ ನೆರವು ಬೇಕಾಗಲಿಲ್ಲ.

ಮೊದಲ ತಂಡ ಶುರು ಮಾಡಿದ ರಭಸಕ್ಕೆ ಮಗ ನನ್ನ ತೊಡೆ ಹತ್ತಿದ. ಹಾಡಿನ ಕೊನೆಯ ಹೊತ್ತಿಗೆ ಇಳಿದು ಓಡಿದ್ದ. ದಿಬ್ಬದ ಇಳಿಜಾರಿನಲ್ಲಿ ಅವನಂಥವರ ದಂಡೇ ಉರುಳುತ್ತಿತ್ತು. ಮಗಳು ಮಾತ್ರ ವೇದಿಕೆಯ ಬಳಿ ಹೋಗಿ ನಿಂತವಳು ಕದಲಲಿಲ್ಲ. ಬೇಸ್ ನುಡಿಸುವ ಹುಡುಗಿ ಡ್ರಮ್ ನುಡಿಸುವವನ ಕಡೆ ನೋಡುತ್ತಾಳೆ, ಅವನು ತಲೆಯಾಡಿಸುತ್ತಾನೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಮೈಸೂರಿನ ಪಾಠದಲ್ಲಿ ಸಿಗದೇ ಇದ್ದದ್ದು ಅವಳಿಗೆ ಅಲ್ಲಿ ಎರಡು ಮಾರು ದೂರದಲ್ಲಿ ಸಿಕ್ಕಿತು. ಮಧ್ಯದಲ್ಲೊಮ್ಮೆ ಗಿಟಾರಿನ ತಂತಿ ಹರಿಯಿತು. ಇನ್ನೊಂದು ತಂಡದವನು ತನ್ನ ಗಿಟಾರು ತಂದು ಕೊಟ್ಟ. ದೊಡ್ಡವರೂ ತಡವರಿಸಿ ಮುಂದೆ ಹೋಗುತ್ತಾರೆ ಎಂದು ಯಾವ ಯೂಟ್ಯೂಬೂ ಮಕ್ಕಳಿಗೆ ತೋರಿಸುವುದಿಲ್ಲ.

ಮಕ್ಕಳಿಬ್ಬರ ಕಿವಿಗೂ ಸದ್ದು ತಡೆಯುವ ದಪ್ಪ ಕಿವಿಮುಚ್ಚಳ ಹಾಕಿದ್ದೆವು. ಇದು ಶೋಕಿಯಲ್ಲ. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಅಂದರೆ ನೂರು ಡೆಸಿಬೆಲ್ಲಿಗೆ ಹದಿನೈದೇ ನಿಮಿಷ. ಸಂಗೀತ ನಡೆಯುವ ಜಾಗಗಳಲ್ಲಿ ಸರಾಸರಿ ಸದ್ದು ನೂರು ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಹೇಳಿದೆ. ಬಯಲಾದ್ದರಿಂದ ಅಷ್ಟು ಭಯವಿರಲಿಲ್ಲ. ನಮ್ಮ ಮದುವೆ ಹಾಲುಗಳ ಆರ್ಕೆಸ್ಟ್ರಾಗಳೇ ಇದಕ್ಕಿಂತ ಅಪಾಯ.

ಒಂಬತ್ತೂವರೆಗೆಲ್ಲ ಮುಗಿಯಿತು. ಕಾರಿನಲ್ಲಿ ಅಮ್ಮನನ್ನು ಕೇಳಿದೆ, ಹೇಗನ್ನಿಸಿತು ಎಂದು.

"ಲಯ ಗಟ್ಟಿ ಇದೆ ಮಾರಾಯ. ಹಾಡು ಮಾತ್ರ ಯಾರಿಗೋ ಬೈದ ಹಾಗೆ ಕೇಳ್ತು."

"ಬೈದದ್ದೇ ಅಮ್ಮ. ಸರ್ಕಾರಕ್ಕೆ."

"ಹಾಗಾದ್ರೆ ಅಡ್ಡಿಲ್ಲ."

ಇರುಳಿಡೀ ಚೆಂಡೆಯ ಮುಂದೆ ಕೂತು ಬೆಳಗು ಮಾಡಿದವಳಿಗೆ ಡ್ರಮ್ಮಿನ ಸದ್ದು ಹೊಸದಾಗಿರಲಿಲ್ಲ. ಬಯಲಾಟಕ್ಕೆ ಮಕ್ಕಳನ್ನು ಕರೆತರಬೇಡಿ ಎಂದು ಯಾರೂ ಹೇಳಿದ್ದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾವು ರಂಗದ ಮುಂದೆ ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದೆವು, ರಾಕ್ಷಸ ವೇಷ ಬಂದಾಗ ಯಾರೋ ತಟ್ಟಿ ಎಬ್ಬಿಸುತ್ತಿದ್ದರು. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತವನ್ನು ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಹೊರಗಿನ ಫುಟ್‌ಪಾತಿನಲ್ಲಿ ಟಿಕೆಟಿಲ್ಲದೆ ಕೂತು ಕೇಳಿ ಬೆಳೆದವರು ಎಷ್ಟೋ ಮಂದಿ. ಬಾಗಿಲು ಅಗಲವಾಗಿ ತೆರೆಯುವುದು ನಮಗೂ ತಿಳಿದಿದ್ದ ವಿದ್ಯೆಯೇ. ಆಮೇಲೆ ಎ.ಸಿ. ಹಾಲು ಬಂತು, ನಂಬರು ಹಾಕಿದ ಕುರ್ಚಿ ಬಂತು, ಕೂಸು ಅತ್ತರೆ ಎಲ್ಲರೂ ತಿರುಗಿ ನೋಡುವುದು ಬಂತು.

ಕಛೇರಿ ಏರ್ಪಡಿಸುವ ಹಿರಿಯರಲ್ಲಿ, ಊರಿನವರಾಗಲಿ ಪರದೇಶದವರಾಗಲಿ, ನನ್ನದೊಂದು ವಿನಂತಿ. ಎಲ್ಲ ಕಛೇರಿಗೂ ಬೇಡ, ವರ್ಷಕ್ಕೊಂದಕ್ಕಾದರೂ ಮಕ್ಕಳನ್ನು ಬಿಡಿ. ಸಂಜೆ ಐದಕ್ಕೇ ಶುರು ಮಾಡಿ, ಎರಡು ಗಂಟೆಯಲ್ಲಿ ಮುಗಿಸಿ. ವೇದಿಕೆಯ ಮುಂದಿನ ಎರಡು ಸಾಲು ಕುರ್ಚಿ ತೆಗೆಸಿ ಜಮಖಾನ ಹಾಸಿ. ಮೈಕಿನವರಿಗೆ ಸದ್ದು ತಗ್ಗಿಸಲು ಹೇಳಿ. ಅಳುವ ಕೂಸಿನೊಡನೆ ತಾಯಿ ಎದ್ದು ಹೋಗಿ ಮತ್ತೆ ಬರಲು ಪಕ್ಕದಲ್ಲೊಂದು ಬಾಗಿಲು ತೆರೆದಿಡಿ. ಮೃದಂಗದವರಿಗೂ ಪಿಟೀಲಿನವರಿಗೂ ಮೊದಲೇ ಒಂದು ಮಾತು ತಿಳಿಸಿದರೆ ಅವರು ಬೇಡವೆನ್ನಲಾರರು. ಅವರೂ ಯಾರದೋ ತೊಡೆಯ ಮೇಲೆ ಕೂತು ಕೇಳಿಯೇ ಕಲಿತವರು. ಮುಂದಿನ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಆ ಕೊನೆಯ ಸಾಲನ್ನು ದಯವಿಟ್ಟು ಹೊಡೆದುಹಾಕಿ.