ಕೂಡಿಟ್ಟ ಬೆಳಕು ಯಾರದು?

ಕರೆಂಟು ಹೋದ ರಾತ್ರಿಯಲ್ಲಿ ಓಣಿಯ ಮನೆಗಳೆಲ್ಲಾ ಕತ್ತಲಾಗಿ ಒಂದೇ ಮನೆಯ ಕಿಟಕಿಯಲ್ಲಿ ದೀಪ ಕಾಣುವದಾದರೆ, ಆ ಬೆಳಕು ಯಾರದು? ಹಣ ಕೊಟ್ಟು ಅದನ್ನು ಕೂಡಿಟ್ಟವನದೇ ಎಂದು ಒಬ್ಬರು ಹೇಳುವರು. ಸೂರ್ಯನು ಎಲ್ಲರಿಗಾಗಿಯೂ ಉದಯಿಸುವನಾದ ಕಾರಣ ನೆರೆಯವನಿಗೂ ಅದರಲ್ಲಿ ಪಾಲುಂಟೆಂದು ಮತ್ತೊಬ್ಬರು ಹೇಳುವರು. ಎರಡು ಮಾತುಗಳಲ್ಲಿಯೂ ಸತ್ಯವಿರುವದರಿಂದ ಇದನ್ನು ತುಸು ನಿಧಾನವಾಗಿ ವಿಚಾರಿಸುವದು ಒಳ್ಳೇದು. ಯಾಕಂದರೆ ಬೆಳಕನ್ನು ಕೂಡಿಡುವ ಪೆಟ್ಟಿಗೆಗಳು ಈಗ ಪಟ್ಟಣದ ಅಂಗಡಿಗಳನ್ನು ದಾಟಿ ಹಳ್ಳಿಗಳಿಗೂ ಬರುತ್ತಲಿವೆ.

ಈ ಪೆಟ್ಟಿಗೆ ಏನೆಂಬದನ್ನು ಮೊದಲು ಹೇಳುವೆವು. ಒಬ್ಬನು ಕೈಯಲ್ಲಿ ಹಿಡಿದು ಒಯ್ಯಬಹುದಾದ, ಹತ್ತರಿಂದ ಹದಿನೈದು ಕಿಲೋ ತೂಕದ ಪೆಟ್ಟಿಗೆಯೊಳಗೆ ಲಿಥಿಯಮ್ ಬ್ಯಾಟರಿಯೂ, ಅದರ ಶಕ್ತಿಯನ್ನು ಮನೆಯ ಕರೆಂಟಿನಂತೆ ಮಾರ್ಪಡಿಸುವ ಇನ್ವರ್ಟರೂ, ಪ್ಲಗ್ಗು ಹಚ್ಚುವ ಸಾಕೆಟ್ಟುಗಳೂ ಇರುತ್ತವೆ. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟ ಸೌರಫಲಕದಿಂದ ಇದು ಹಗಲಿನಲ್ಲಿ ತುಂಬುವದು. ಬೇಕಾದರೆ ಮನೆಯ ಕರೆಂಟಿನಿಂದಲೂ ತುಂಬಿಸಬಹುದು. ಮಧ್ಯಮ ಗಾತ್ರದ ಪೆಟ್ಟಿಗೆ ಹಿಡಿಯುವದು 1000 ವಾಟ್-ಗಂಟೆ, ಅಂದರೆ ನಮ್ಮ ಮೀಟರಿನ ಲೆಕ್ಕದಲ್ಲಿ ಒಂದೇ ಒಂದು ಯೂನಿಟ್. ಅದರಲ್ಲಿಯೂ ಮಾರ್ಪಾಡಿನಲ್ಲಿ ಕಳೆಯುವದನ್ನು ಬಿಟ್ಟರೆ ಕೈಗೆ ಸಿಗುವದು ಸುಮಾರು 850 ವಾಟ್-ಗಂಟೆ. ಇಷ್ಟರಿಂದ 9 ವಾಟಿನ ದೀಪವು 90 ಗಂಟೆಗಳ ವರೆಗೆ ಉರಿಯುವದು. 75 ವಾಟಿನ ಹಳೇ ಫ್ಯಾನು 11 ಗಂಟೆ ತಿರುಗುವದು. 1500 ವಾಟಿನ ನೀರು ಕಾಯಿಸುವ ಕೆಟಲ್ಲಾದರೋ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನುಂಗಿಬಿಡುವದು. ದೀಪಕ್ಕೆ ಸಮುದ್ರವಾದದ್ದು ಕೆಟಲ್ಲಿಗೆ ಒಂದು ಬೊಗಸೆ ಎಂಬದನ್ನು ವಾಚಕರು ನೆನಪಿನಲ್ಲಿಡಲಿ. ನಮ್ಮ ವಿಚಾರವು ಈ ಲೆಕ್ಕದ ಮೇಲೆಯೇ ನಿಂತಿದೆ.

ಧಾರವಾಡದ ಸಪ್ತಾಪುರವನ್ನು ನೋಡಿದವರಿಗೆ ಅಲ್ಲಿಯ ಓಣಿಗಳ ರೀತಿ ಗೊತ್ತುಂಟು. ಸುತ್ತಲಿನ ಜಿಲ್ಲೆಗಳ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಸರಕಾರೀ ನೌಕರಿಯ ಪರೀಕ್ಷೆಗಳಿಗೆ ಓದುತ್ತಾ, ಬಾಡಿಗೆಯ ಚಿಕ್ಕ ಕೋಣೆಗಳಲ್ಲಿ ನಾಲ್ಕಾರು ಮಂದಿ ಕೂಡಿ ಇರುತ್ತಾರೆ. ಮಳೆಗಾಲದ ಒಂದು ಸಂಜೆ ಅಲ್ಲಿಯ ಪರಿಚಿತರೊಬ್ಬರ ಮನೆಯಲ್ಲಿ ನಾವು ಕೂತಿದ್ದಾಗ ಗಾಳಿ ಮಳೆಗೆ ಕರೆಂಟು ಹೋಯಿತು. ಆ ಮನೆಯ ವೃದ್ಧ ತಾಯಿಗೆ ಉಸಿರಿನ ಕಾಯಿಲೆಯಿದ್ದು, ಗಾಳಿಯಿಂದ ಆಮ್ಲಜನಕವನ್ನು ಕೂಡಿಸಿ ಕೊಡುವ ಯಂತ್ರವು ಹಾಸಿಗೆಯ ಬಳಿಯಲ್ಲಿ ನಡೆಯಬೇಕಾಗಿತ್ತು. ಮಗನು ಮೇಲೆ ಹೇಳಿದಂಥಾ ಪೆಟ್ಟಿಗೆಯನ್ನು ಇದಕ್ಕಾಗಿಯೇ ಕೊಂಡಿದ್ದನು. ಅವನು ಕೂಡಲೇ ಯಂತ್ರವನ್ನೂ ಒಂದು ದೀಪವನ್ನೂ ಅದಕ್ಕೆ ಹಚ್ಚಿದನು. ಸ್ವಲ್ಪ ಹೊತ್ತಿನೊಳಗೆ ಎದುರು ಕೋಣೆಯ ಹುಡುಗನೊಬ್ಬನು ತೊಯ್ದುಕೊಂಡು ಬಾಗಲಿಗೆ ಬಂದು, "ಕಾಕಾ, ಮೊಬೈಲು ಪೂರಾ ಆರಿಹೋಗಿದೆ. ನಸುಕಿನ ಬಸ್ಸಿಗೆ ಪರೀಕ್ಷೆಗೆ ಹೋಗಬೇಕು, ಎಚ್ಚರಿಸುವದಕ್ಕೆ ಅದರ ಗಂಟೆಯೇ ಗತಿ. ತುಸು ಚಾರ್ಜಿಗೆ ಹಚ್ಚಲೋ?" ಎಂದು ಕೇಳಿದನು. ಮನೆಯವನು ಒಳಗಿನ ಕೋಣೆಯ ಕಡೆಗೆ ಒಂದು ಸಾರಿ ನೋಡಿ, "ಇವತ್ತು ಆಗದು ತಮ್ಮಾ, ಅವ್ವನ ಯಂತ್ರಕ್ಕೆ ಬೇಕು" ಎಂದನು. ಹುಡುಗನು ಮರುಮಾತಿಲ್ಲದೆ ಹೋದನು. ನಾವೂ ಅದೇ ಪಡಸಾಲೆಯಲ್ಲಿದ್ದು ಒಂದು ಮಾತೂ ಆಡಲಿಲ್ಲ. ಅವನು ನಿದ್ರೆಗೆ ಹೆದರಿ ನಸುಕಿನ ವರೆಗೆ ಗೋಡೆಗೆ ಒರಗಿ ಕೂತಿದ್ದನೆಂದು ಆಮೇಲೆ ತಿಳಿಯಿತು. ಕರೆಂಟಾದರೋ ಒಂದೂವರೆ ಗಂಟೆಯೊಳಗೆ ತಿರಿಗಿ ಬಂತು. ಆಗ ಪೆಟ್ಟಿಗೆಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಳಿದಿತ್ತು.

ಮನೆಯವನು ತಪ್ಪು ಮಾಡಿದನೋ? ಅವಸರದಿಂದ ಉತ್ತರ ಕೊಡಬಾರದು. ಅಂಥಾ ಯಂತ್ರವು ಸುಮಾರು 350 ವಾಟ್ ಬೇಡುವದು. ಆ ಪೆಟ್ಟಿಗೆಯ ಮೇಲೆ ಅದು ಎರಡೂವರೆ ಗಂಟೆಯೂ ನಡೆಯಲಾರದು. ಒಂದು ಮೊಬೈಲು ತುಂಬುವದಕ್ಕೆ ಬೇಕಾದದ್ದು ಸುಮಾರು 15 ವಾಟ್-ಗಂಟೆ, ಅಂದರೆ ಯಂತ್ರದ ಮೂರು ನಿಮಿಷಗಳು. ತಾಯಿಯ ಉಸಿರಿನಲ್ಲಿ ಮೂರು ನಿಮಿಷಗಳನ್ನು ಅನ್ಯನಿಗೆ ಕೊಡೆಂದು ಮಗನಿಗೆ ಹೇಳುವಷ್ಟು ಧೈರ್ಯ ಯಾರಿಗುಂಟು? ಒಬ್ಬನಿಗೆ ಕೊಟ್ಟರೆ ಓಣಿಯ ಇಪ್ಪತ್ತು ಮಂದಿ ಬರುವರು. ಇಪ್ಪತ್ತು ಮೊಬೈಲುಗಳೆಂದರೆ ಒಂದು ಗಂಟೆಯ ಉಸಿರು. ಆದ ಕಾರಣ ಇಲ್ಲವೆನ್ನುವವನೆಲ್ಲಾ ಜಿಪುಣನೆಂದು ತಿಳಿಯುವದು ನ್ಯಾಯವಲ್ಲ. ತನ್ನ ಕೈಗೆ ಒಪ್ಪಿಸಲ್ಪಟ್ಟ ಜೀವವನ್ನು ಕಾಯುವದು ದಾನಕ್ಕಿಂತ ಮುಂಚಿನ ಕರ್ತವ್ಯವಾಗಿದೆ.

ಆದಾಗ್ಯೂ ಆ ರಾತ್ರಿ ಅವನನ್ನು ತಡೆದದ್ದು ಈ ಲೆಕ್ಕವಲ್ಲವೆಂದು ಅವನೇ ನಮಗೆ ಒಪ್ಪಿಕೊಂಡನು. ಯಂತ್ರವು ಎಷ್ಟು ಬೇಡುವದು, ಪೆಟ್ಟಿಗೆ ಎಷ್ಟು ಕೊಡುವದು, ಮೊಬೈಲು ಎಷ್ಟು ಕುಡಿಯುವದು ಎಂಬ ಒಂದೂ ಅವನಿಗೆ ತಿಳಿದಿರಲಿಲ್ಲ. ಅವನು ಬರೀ ಹೆದರಿದನು. ಇಲ್ಲಿಯೇ ನಮ್ಮ ಪ್ರಶ್ನೆಯ ಬೇರು ಇರುವದೆಂದು ತೋರುತ್ತದೆ. ತನಗೆ ಎಷ್ಟು ಸಾಕೆಂದು ಅಳೆಯದವನಿಗೆ ಇದ್ದದ್ದೆಲ್ಲವೂ ಕಡಿಮೆಯಾಗಿಯೇ ಕಾಣುವದು. ಅವನ ಕೈ ಲೋಭದಿಂದಲ್ಲದಿದ್ದರೂ ಭಯದಿಂದ ಮುಚ್ಚಿರುವದು. ಅಳೆದವನಾದರೋ, "ಇಷ್ಟು ನನ್ನ ಮನೆಗೆ, ಇಷ್ಟು ಆಪತ್ತಿಗೆ, ಉಳಿದದ್ದು ಬಾಗಲಿಗೆ ಬಂದವನಿಗೆ" ಎಂದು ಶಾಂತಮನಸ್ಸಿನಿಂದ ಹೇಳಬಲ್ಲನು. ಇಲ್ಲವೆನ್ನಬೇಕಾದಾಗಲೂ ಅವನು ಕಾರಣವನ್ನು ತಿಳಿದು ಇಲ್ಲವೆನ್ನುವನು.

ಹತ್ತು ಮಂದಿ ಕನ್ಯೆಯರ ಸಾಮ್ಯದಲ್ಲಿ ಬುದ್ಧಿಯುಳ್ಳವರು ತಮ್ಮ ಎಣ್ಣೆಯನ್ನು ಕೊಡಲಿಲ್ಲವಲ್ಲಾ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಿದ್ಧವಾಗಿರಬೇಕೆಂಬದೇ ಆ ಸಾಮ್ಯದ ಬೋಧನೆ. ಬಾಗಲು ಮುಚ್ಚುವದಕ್ಕೆ ಅದನ್ನು ನೆವಮಾಡಿಕೊಳ್ಳಬಾರದು. ಇದಲ್ಲದೆ ಎಣ್ಣೆಗೂ ಬಿಸಿಲಿಗೂ ಒಂದು ಭೇದವುಂಟು. ಎಣ್ಣೆ ಸುಟ್ಟರೆ ತೀರಿತು. ಪೆಟ್ಟಿಗೆ ಬರಿದಾದರೂ ಮರುದಿನದ ಬಿಸಿಲು ಅದನ್ನು ತುಂಬುವದು. ತುಂಬಿದ ಮೇಲೆ ಬೀಳುವ ಬಿಸಿಲನ್ನು ಅದು ಹಿಡಿಯಲಾರದು. ಕರೆಂಟು ಹೋಗದ ದಿನಗಳಲ್ಲಿ ತುಂಬಿದ ಪೆಟ್ಟಿಗೆಯ ಮುಂದೆ ಸೌರಫಲಕವು ಬೆಳಗಿನಿಂದ ಸಂಜೆಯ ವರೆಗೆ ವ್ಯರ್ಥವಾಗಿ ಬಿಸಿಲು ಕಾಯುತ್ತಿರುವದು. ಹಾಗಾದರೆ ಹಗಲಿನ ಹೆಚ್ಚಳವನ್ನು ಕೊಡುವದರಿಂದ ಕೊಡುವವನಿಗೆ ನಷ್ಟವೆಲ್ಲಿ? ಬ್ಯಾಟರಿ ಸವೆಯುವದೆಂದು ಕೆಲವರು ಹೇಳುವರು. ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಗಳು ಸುಮಾರು 3000 ಸಾರಿ ತುಂಬಿ ಬರಿದಾದ ಬಳಿಕವೂ ಐದರಲ್ಲಿ ನಾಲ್ಕು ಪಾಲು ಹಿಡಿಯುವವೆಂದು ಮಾಡುವವರು ಹೇಳುತ್ತಾರೆ. ದಿನಕ್ಕೊಂದು ಸಾರಿಯೆಂದರೂ ಎಂಟು ವರುಷಗಳಾದವು. ಉಪಯೋಗಿಸದೆ ಮೂಲೆಯಲ್ಲಿಟ್ಟ ಬ್ಯಾಟರಿಯೂ ಮುದಿಯಾಗುವದು. ನಮ್ಮ ಕಡೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದಾಗ ಇಂಥಾ ಪಾಠವನ್ನು ಕಲಿತಿದ್ದರು: ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬುವದು, ಬಾಯಿ ತೆರೆದು ಗಾಳಿಯಾಡಿಸದೆ ಇಳಿದವನು ಜೀವದಿಂದ ಮೇಲೆ ಬಾರನು.

ನಮ್ಮ ಪರಿಚಿತರು ಮರುದಿನ ಕಾಗದ ಹಿಡಿದು ಲೆಕ್ಕ ಹಾಕಿದರು. ತಾಯಿಯ ಜೀವವನ್ನು ಒಂದೇ ಪೆಟ್ಟಿಗೆಯ ಮೇಲೆ ನಿಲ್ಲಿಸುವದು ಅಪಾಯವೆಂದು ಕಂಡು, ವೈದ್ಯರನ್ನು ಕೇಳಿ ಆಮ್ಲಜನಕದ ಸಿಲಿಂಡರೊಂದನ್ನು ಮನೆಯಲ್ಲಿ ತಂದಿಟ್ಟರು. ಸಂಜೆಯಾಗುವಾಗ ಪೆಟ್ಟಿಗೆ ತುಂಬಿರಲೇಬೇಕೆಂದು ನಿಯಮ ಮಾಡಿಕೊಂಡರು. ಬಿಸಿಲಿರುವ ದಿನಗಳಲ್ಲಿ ಹನ್ನೊಂದರಿಂದ ಮೂರರ ವರೆಗೆ ಹೊರಗಿನ ಕಟ್ಟೆಗೆ ಒಂದು ಪ್ಲಗ್ಗಿನ ಹಲಗೆಯನ್ನು ಇಟ್ಟರು. ಎದುರು ಕೋಣೆಯ ಹುಡುಗರು ತಮ್ಮ ಕೈದೀಪಗಳನ್ನೂ ಮೊಬೈಲುಗಳನ್ನೂ ಅಲ್ಲಿ ತುಂಬಿಸಿಕೊಂಡು ರಾತ್ರಿಗೆ ಸಿದ್ಧರಾಗುತ್ತಾರೆ. ಆಷಾಢದ ಮೋಡಗಳು ಧಾರವಾಡವನ್ನು ಕವಿದಾಗ ನಾಲ್ಕನೇ ಒಂದು ಪಾಲು ಸಿಕ್ಕುವದೂ ಕಷ್ಟವಾದದರಿಂದ ಆಗ ಹಲಗೆಯನ್ನು ಒಳಗಿಡುತ್ತಾರೆ. ಅದಕ್ಕೆ ಯಾರೂ ಮುನಿಯುವದಿಲ್ಲ, ಕಾರಣವು ಆಕಾಶದಲ್ಲಿಯೇ ಕಾಣುವದಷ್ಟೇ.

ಇನ್ನೊಂದು ಮಾತುಂಟು, ಅದು ಹೆಚ್ಚು ಸೂಕ್ಷ್ಮವಾದದ್ದು. ತನ್ನ ಮನೆಯಲ್ಲಿ ತನ್ನದೇ ಬೆಳಕಿರುವವನು ಓಣಿಯ ತಂತಿಯನ್ನು ಮರೆಯುವನು. ಮೊದಲು ಕರೆಂಟು ಹೋದರೆ ಎಲ್ಲರೂ ಹೊರಗೆ ಬಂದು ವಿಚಾರಿಸುತ್ತಿದ್ದರು; ಅನುಕೂಲವುಳ್ಳವರ ಮನೆಗಳಿಗೆ ಪೆಟ್ಟಿಗೆ ಬಂದ ಬಳಿಕ ಕೇಳುವವರು ಇಲ್ಲದವರು ಮಾತ್ರ, ಅವರ ಮಾತಿಗೆ ಕಿವಿಗೊಡುವವರು ಕಡಿಮೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ರಾಜ್ಯದ ಮನೆಗಳಿಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಕರೆಂಟು ಉಚಿತವಾಯಿತು. ಪೆಟ್ಟಿಗೆಯಾದರೋ ಅರ್ಧ ಲಕ್ಷ ರೂಪಾಯಿಗೆ ಮೀರಿದರೂ ಹಿಡಿಯುವದು ಒಂದು ಯೂನಿಟ್. ಬಡವರಿಗೆ ದೊಡ್ಡ ಪೆಟ್ಟಿಗೆಯೆಂದರೆ ಆ ಓಣಿಯ ತಂತಿಯೇ. ಅದು ನೆಟ್ಟಗಿರಲೆಂದು ಕೇಳುವದನ್ನು ಉಳ್ಳವರು ಬಿಟ್ಟರೆ ಅವರು ನೆರೆಯವನಿಗೆ ಒಂದು ಮೊಬೈಲು ತುಂಬಿಸಿಕೊಟ್ಟು ಹೆಚ್ಚಿನದನ್ನು ಕಸಕೊಂಡಂತಾಗುವದು.

ಆ ತಂತಿಯನ್ನು ಮಳೆಯಲ್ಲಿ ಕಂಬವೇರಿ ಸರಿಮಾಡುವ ಲೈನ್‌ಮನ್ನನನ್ನೂ ನೆನಸಬೇಕು. ಕೆಲವರು ಎರಡೂ ತುದಿಗಳಿಗೆ ಪಿನ್ನುಳ್ಳ ವಾಯರು ಮಾಡಿಸಿ, ಪೆಟ್ಟಿಗೆಯನ್ನು ಮನೆಯ ಸಾಕೆಟ್ಟಿಗೆ ಹಚ್ಚಿ ಎಲ್ಲಾ ಕೋಣೆಗಳನ್ನು ಬೆಳಗಿಸುವ ಸಾಹಸ ಮಾಡುತ್ತಾರೆ. ಇದನ್ನು ಎಂದಿಗೂ ಮಾಡಕೂಡದು. ಹಾಗೆ ಮಾಡಿದರೆ ಕರೆಂಟು ಮನೆಯಿಂದ ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ತಂತಿ ಸತ್ತಿದೆಯೆಂದು ನಂಬಿ ಮುಟ್ಟಿದವನನ್ನು ಕೊಲ್ಲಬಲ್ಲದು. ಮನೆಯ ವಾಯರಿಂಗಿಗೆ ಸೇರಿಸಲೇಬೇಕಾದರೆ ಬಲ್ಲ ಎಲೆಕ್ಟ್ರಿಶಿಯನ್ನನಿಂದ ಚೇಂಜ್‌ಓವರ್ ಸ್ವಿಚ್ಚು ಹಾಕಿಸಬೇಕು. ಸರಕಾರೀ ತಂತಿಗೆ ಕೂಡಿದ ಮಾಳಿಗೆಯ ಸೌರಫಲಕಗಳು, ಬ್ಯಾಟರಿ ಇಲ್ಲದವು, ತಂತಿಯಲ್ಲಿ ಕರೆಂಟು ಹೋದ ಕೂಡಲೇ ಎಷ್ಟೇ ಬಿಸಿಲಿದ್ದರೂ ತಾವೂ ನಿಂತುಹೋಗುವಂತೆ ಮಾಡಲ್ಪಟ್ಟಿವೆ. ಬಿಸಿಲಿದ್ದೂ ಫ್ಯಾನು ತಿರುಗದೆಂದು ಕೊಂಡವರು ಗೊಣಗುವರು. ಆ ಕತ್ತಲೆಯು ಕಂಬದ ಮೇಲಿನವನ ಪ್ರಾಣರಕ್ಷಣೆಗೆ ಮಾಡಿದ ಏರ್ಪಾಡೆಂದು ತಿಳಿದರೆ ಗೊಣಗಾಟ ನಿಂತೀತು.

ತಂತಿಯೇ ತಲಪದ ಹೊಲದ ಮನೆಗಳಲ್ಲಿಯೂ ಅಡವಿಯ ಊರುಗಳಲ್ಲಿಯೂ ಇರುವವರ ಸಂಗತಿ ಬೇರೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಎಷ್ಟೋ ಹಳ್ಳಿಗಳಾದರೋ ಅನೇಕ ದಶಕಗಳ ವರೆಗೆ ಬುಡ್ಡಿದೀಪದಲ್ಲಿಯೇ ಉಳಿದವು. ಅಂಥವರಿಗೆ ಸೌರದೀಪವು ಮಕ್ಕಳ ಓದು, ರಾತ್ರಿಯ ಹೆರಿಗೆ, ಹಾವಿನ ಭಯ ಇವುಗಳ ವಿಷಯವಾಗಿದೆ. 1995ರಲ್ಲಿ ಹರೀಶ ಹಂದೆಯವರೂ ನೆವಿಲ್ ವಿಲಿಯಮ್ಸರೂ ಸೇರಿ ಆರಂಭಿಸಿದ ಬೆಂಗಳೂರಿನ ಸೆಲ್ಕೋ ಸಂಸ್ಥೆಯು ಇಂಥಾ ಮನೆಗಳಿಗೆ ದೀಪಗಳನ್ನು ಮುಟ್ಟಿಸಿತು. ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು ಅಂಥಾ ದೀಪಗಳಿಗೆ ಸಾಲ ಕೊಟ್ಟ ಮೊದಮೊದಲಿನ ಬ್ಯಾಂಕುಗಳಲ್ಲಿ ಒಂದಾಗಿತ್ತು. ತಿಂಗಳಿಗೆ 300 ರೂಪಾಯಿ ಕಟ್ಟಲಾರದ ಬೀದಿವ್ಯಾಪಾರಿಯೂ ದಿನಕ್ಕೆ 10 ರೂಪಾಯಿ ಕಟ್ಟಬಲ್ಲಳೆಂಬದನ್ನು ಬಡವರಿಂದಲೇ ಕಲಿತೆವೆಂದು ಹಂದೆಯವರು ಹೇಳುವದುಂಟು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಲ್ಲಿಯೂ ಅಳತೆಯೇ ಬಾಗಲನ್ನು ತೆರೆಯಿತು: ಕೊಳ್ಳುವವಳ ದಿನದ ಸಂಪಾದನೆ ಎಷ್ಟೆಂದು ವಿಚಾರಿಸಿದ ಮೇಲೆ ದೀಪವು ಅವಳ ಕೈಗೆ ಎಟಕಿತು.

ಆದ ಕಾರಣ ವಾಚಕರೇ, ಪೆಟ್ಟಿಗೆಯನ್ನು ಕೊಳ್ಳಬಾರದೆಂದು ನಾವು ಹೇಳುವದಿಲ್ಲ; ಮನೆಯಲ್ಲಿ ರೋಗಿಯಿದ್ದವನು ಶಕ್ತಿಯಿದ್ದೂ ಸಿದ್ಧತೆ ಮಾಡದಿದ್ದರೆ ಅದೇ ದೋಷ. ಕೊಂಡವನು ಒಂದು ಕಾಗದದ ಮೇಲೆ ತನ್ನ ಮನೆಗೆ ಎಷ್ಟು ಬೇಕೆಂದು ಬರೆಯಲಿ, ಹೆಚ್ಚಳವು ಯಾವ ಹೊತ್ತಿನಲ್ಲಿ ಇರುವದೆಂದು ನೋಡಲಿ, ಅದನ್ನು ನೆರೆಯವರಿಗೆ ಮುಂಚಿತವಾಗಿಯೇ ತಿಳಿಸಲಿ. ಒಬ್ಬೊಬ್ಬರೇ ಕೊಳ್ಳಲಾರದ ಹಳ್ಳಿಯಲ್ಲಿ ಹತ್ತು ಮನೆಗಳು ಕೂಡಿ ಒಂದನ್ನು ಕೊಂಡು ಶಾಲೆಯಲ್ಲಾಗಲಿ ಸಭಾಮಂದಿರದಲ್ಲಾಗಲಿ ಇಟ್ಟು, ಯಾವ ಆಪತ್ತಿಗೆ ಅದು ಮೊದಲು ಹೋಗಬೇಕೆಂದು ಬೆಳಕಿರುವಾಗಲೇ ಕೂತು ಗೊತ್ತುಮಾಡಲಿ. ಕತ್ತಲೆಯಲ್ಲಿ, ಬಾಗಲಲ್ಲಿ ತೊಯ್ದ ಹುಡುಗನು ನಿಂತಿರುವಾಗ, ಆ ವಿಚಾರ ಮಾಡುವದಕ್ಕೆ ಸಮಯವಿರುವದಿಲ್ಲ; ಆಗ ನಮ್ಮ ಬಾಯಿಂದ ಬರುವದು ಭಯದ ಮಾತೇ. ಇದನ್ನು ನಾವು ಸಪ್ತಾಪುರದ ಆ ಪಡಸಾಲೆಯಲ್ಲಿ ಸುಮ್ಮನೆ ಕೂತು ಕಲಿತೆವು.