ಗುರಿ ಒಂದು, ಫಲ ಇನ್ನೊಂದು

ದಾಂಡೇಲಿ, ಹಳಿಯಾಳ, ಜೋಯ್ಡಾ, ಮುಂಡಗೋಡ ಸೀಮೆಯಲ್ಲಿ ಮಳೆ ಹಿಡಿದ ದಿನಗಳಲ್ಲಿ ಕೇರಂ ಹಲಗೆ ಜಗಲಿಗೆ ಬರುತ್ತದೆ. ಹುಡುಗನೊಬ್ಬನು ಬಲಗಡೆಯ ಕುಳಿಗೆಂದು ಹೊಡೆದ ಕಾಯಿ ಗುರಿ ತಪ್ಪಿ, ಚೌಕಟ್ಟಿಗೆ ತಾಗಿ, ಎಡಗಡೆಯ ಕುಳಿಗೆ ಬೀಳುತ್ತದೆ. ನಿಯಮವು ಕಾಯಿಯನ್ನು ಅವನಿಗೇ ಕೊಡುತ್ತದೆ. ಮುಂದಿನ ಹೊಡೆತವೂ ಅವನದೇ. ಆದರೆ ಆ ಫಲವು ನಿಜಕ್ಕೂ ಅವನದೆನ್ನಬಹುದೇ?

ಕುಳಿಯ ಅಳತೆಯನ್ನು ಮೊದಲು ಗಮನಿಸಬೇಕು. ಕೇರಂ ಕುಳಿಯ ವ್ಯಾಸ 4.45 ಸೆಂ.ಮೀ., ಕಾಯಿಯದು ಹೆಚ್ಚೆಂದರೆ 3.18. ಪೂಲ್ ಆಟದ ಮೇಜು ಇನ್ನೂ ಉದಾರ: ಚೆಂಡಿನ ವ್ಯಾಸ 5.7 ಸೆಂ.ಮೀ., ಮೂಲೆಯ ಕುಳಿಯ ಬಾಯಿ ಸುಮಾರು 11.5, ಎಂದರೆ ಎರಡು ಚೆಂಡುಗಳಷ್ಟು. ಉದ್ದಬದಿಯ ನಡುವಣ ಕುಳಿ ಅದಕ್ಕಿಂತ ಒಂದು ಸೆಂ.ಮೀ.ಗೂ ಮಿಕ್ಕಿ ಅಗಲ. ಆದರೂ ಅದು ಸುಲಭದ ಕುಳಿಯಲ್ಲ. ಎದುರಿನಿಂದ ನೇರವಾಗಿ ಬರುವ ಚೆಂಡಿಗೆ ಮಾತ್ರ ಆ ಅಗಲ ದೊರೆಯುತ್ತದೆ; ಓರೆಯಾಗಿ ಬರುವ ಚೆಂಡಿಗೆ ಹತ್ತಿರದ ಅಂಚು ಅಡ್ಡವಾಗಿ ದಾರಿ ಕಿರಿದಾಗುತ್ತದೆ. ಆದುದರಿಂದ ಬಲ್ಲ ಆಟಗಾರನು ಕುಳಿಯ ನಟ್ಟನಡುವಿಗೆ ಗುರಿಯಿಡುವುದಿಲ್ಲ. ಚೆಂಡು ನಿಂತ ಸ್ಥಳದಿಂದ ಎಷ್ಟು ಬಾಯಿ ತೆರೆದು ಕಾಣುವುದೋ ಅಷ್ಟರ ನಡುವಿಗೆ, ಆಚೆಯ ಅಂಚಿನ ಕಡೆಗೆ ತುಸು ಸರಿಸಿ, ಗುರಿಯಿಡುತ್ತಾನೆ. ನಿಂತ ನೆಲೆ ಬದಲಾದರೆ ಕಾಣುವುದೂ ಬದಲಾಗುವುದೆಂಬುದು ಅನೇಕಾಂತವನ್ನು ಓದಿದವರಿಗೆ ಹೊಸತಲ್ಲ.

ಗುರಿಯಿಲ್ಲದೆ ದೊರೆತ ಫಲದ ವಿಷಯದಲ್ಲಿ ಆಟಗಳು ಒಮ್ಮತದಲ್ಲಿಲ್ಲ. ಎಂಟು ಚೆಂಡಿನ ಪೂಲ್ ಆಟದ ಅಂತರರಾಷ್ಟ್ರೀಯ ನಿಯಮದಂತೆ ಯಾವ ಚೆಂಡು ಯಾವ ಕುಳಿಗೆ ಎಂಬುದನ್ನು ಮುಂಚಿತವಾಗಿ ಸೂಚಿಸಬೇಕು. ನೋಡಿದೊಡನೆ ತಿಳಿಯುವ ಹೊಡೆತಕ್ಕೆ ಮಾತ್ರ ವಿನಾಯಿತಿ. ಬೇರೆ ಕುಳಿಗೆ ಬಿದ್ದರೆ ಸರದಿ ಹೋಯಿತು. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಹುಟ್ಟಿದ ಸ್ನೂಕರ್ ಹಾಗೆ ಕೇಳುವುದಿಲ್ಲ. ಅಲ್ಲಿ ಅದೃಷ್ಟದಿಂದ ಚೆಂಡು ಬಿದ್ದಾಗ ಆಟಗಾರನು ಕೈಯೆತ್ತಿ ಎದುರಾಳಿಯ ಕ್ಷಮೆ ಬೇಡುವ ರೂಢಿಯಿದೆ. ಅಂಕವನ್ನು ಮಾತ್ರ ಬಿಡುವುದಿಲ್ಲ!

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದವನ್ನು ಮುಂದಿಟ್ಟಿದ್ದಾರೆ. ಈರ್ಯಾಸಮಿತಿಯಿಂದ ನಡೆಯುವವನ ಕಾಲಡಿ ಅರಿಯದೆ ಜೀವವೊಂದು ಸಿಲುಕಿದರೂ ಅವನು ಹಿಂಸಕನಲ್ಲ. ನೆಲ ನೋಡದೆ ನಡೆಯುವವನ ಕಾಲಡಿ ಒಂದೂ ಸಾಯದಿದ್ದರೂ ದೋಷ ತಪ್ಪದು. ಇಲ್ಲಿ ಎರಡನೆಯವನ ಪಾಡೇ ಹೆಚ್ಚು ಕಠಿಣ. ಅವನಿಗೆ ತನ್ನ ತಪ್ಪಿನ ಸುಳಿವೇ ಸಿಗುವುದಿಲ್ಲ. ಜೋಯ್ಡಾದ ಕಾಡಿನ ರಸ್ತೆಯಲ್ಲಿ ರಾತ್ರಿ ಅತಿವೇಗದಿಂದ ವಾಹನ ಓಡಿಸಿ, ದೈವವಶಾತ್ ಯಾವ ಮೃಗವೂ ಅಡ್ಡ ಬಾರದೆ ಮನೆ ಸೇರಿದವನು ತನ್ನನ್ನು ನಿಪುಣ ಚಾಲಕನೆಂದೇ ಬಗೆಯುತ್ತಾನೆ. ಮರುರಾತ್ರಿಯೂ ಹಾಗೆಯೇ ಹೊರಡುತ್ತಾನೆ. ಅಗಲವಾದ ಕುಳಿಯಲ್ಲಿ ಆಡಿ ಪಳಗಿದ ಕೈಯೂ ಇದೇ ಭ್ರಮೆಗೆ ಒಳಗಾಗುತ್ತದೆ.

ಎಡಗಡೆಗೆ ಬಿದ್ದ ಕಾಯಿಯನ್ನು ಮರಳಿ ಹಲಗೆಗೆ ಇಡುವಂತೆ ಆ ಹುಡುಗನನ್ನು ಯಾರೂ ಕೇಳಲಾರರು; ಹಾಗೆ ಇಡುವುದು ನಿಯಮಕ್ಕೂ ವಿರುದ್ಧ. ತಾನು ನೋಡಿ ಹೊಡೆದುದು ಬಲಗಡೆಗೆ ಎಂದು ಎದುರು ಕುಳಿತವನಿಗೆ ಹೇಳಲು ಮಾತ್ರ ಯಾವ ನಿಯಮವೂ ಅಡ್ಡಿಯಲ್ಲ. ಹೇಳಿದರೆ ಒಂದು ಕ್ಷಣ ನಗೆಗೀಡಾಗಬಹುದು, ಅಷ್ಟೆ. ಸ್ಟ್ರೈಕರ್ ಆಗಲೂ ಅವನ ಕೈಯಲ್ಲೇ ಇರುತ್ತದೆ.