ಎರವಿನ ವಸ್ತು

ಮನುಷ್ಯನು ತನ್ನದನ್ನು ಕಾಪಾಡುವನು, ಪರರದನ್ನು ಕೆಡಿಸುವನು ಎಂಬುದು ಲೋಕದ ಸಾಮಾನ್ಯಾಭಿಪ್ರಾಯ. ಕರುಣೆಯಿಲ್ಲದೆ ದುಡಿಸುವವನನ್ನು ಕಂಡರೆ, ಬಾಡಿಗೆಯ ಎತ್ತನ್ನು ದುಡಿಸಿದಂತೆ ದುಡಿಸುವನೆಂದು ಹೇಳುವುದುಂಟು. ಹಾಗಾದರೆ ಧರ್ಮವು ಒಡೆತನದ ಬೆನ್ನುಹತ್ತಿಯೇ ನಡೆಯತಕ್ಕದ್ದೋ? ಎರಡು ದಿನದ ಮಟ್ಟಿಗೆ ಕೈಗೆ ಬಂದ ವಸ್ತುವಿನ ವಿಷಯದಲ್ಲಿ ಮನುಷ್ಯನಿಗೆ ಕರ್ತವ್ಯವೇ ಇಲ್ಲವೋ? ಪ್ರಶ್ನೆಯು ಹಳೆಯದು, ಆದರೆ ಅದು ಈಗ ಹೊಸ ವೇಷವನ್ನು ತೊಟ್ಟು ಮಲೆನಾಡಿನ ದಾರಿಗಳಲ್ಲಿ ಓಡಾಡುತ್ತಿರುವುದು.

1988ರ ಮೋಟಾರು ವಾಹನಗಳ ಕಾಯಿದೆಯನ್ನನುಸರಿಸಿ 1989ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಯೋಜನೆಯ ಪ್ರಕಾರ, ಚಾಲಕನಿಲ್ಲದೆ ಕಾರನ್ನು ಮಾತ್ರ ಬಾಡಿಗೆಗೆ ಪಡೆದು ತಾನೇ ನಡೆಸಬಹುದು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವುದು ಇಂತಹ ಕಾರುಗಳ ಗುರುತು. ಒಬ್ಬ ಗೃಹಸ್ಥನು ಬೆಂಗಳೂರಿನಲ್ಲಿ ಮೂರು ದಿನಕ್ಕೆ ಇಂತಹ ಕಾರೊಂದನ್ನು ಪಡೆದು, ಮನೆಯವರಿಗೆ ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ ಮಾಡಿಸಿ, ಆಗುಂಬೆಯ ಘಾಟಿಯ 14 ತಿರುವುಗಳನ್ನು ಇಳಿದನೆಂದು ಭಾವಿಸೋಣ. ನಡುವೆ ಒಂದೆಡೆ ಬ್ರೇಕು ಸರಿಯಾಗಿ ಹಿಡಿಯದೆ ಅವನ ಎದೆ ನಡುಗಿತು; ಹೇಗೋ ತಳ ಸೇರಿದನು. ಕಾರನ್ನು ಹಿಂದಿರುಗಿಸಿದಾಗ ಒಡೆಯನ ಕಡೆಯವನು ಹೊರಮೈಯಲ್ಲಿ ಗೀರುಗಳಿವೆಯೋ ಎಂದು ಮಾತ್ರ ನೋಡಿದನು. ಬ್ರೇಕಿನ ಮಾತೆತ್ತಿದರೆ ಠೇವಣಿಯ ಹಣದಲ್ಲಿ ಮುರಿದುಕೊಂಡಾರೆಂದು ಗೃಹಸ್ಥನು ಸುಮ್ಮನೆ ಮನೆಗೆ ನಡೆದನು. ಮರುದಿನ ಅದೇ ಕಾರಿನಲ್ಲಿ ಮತ್ತೊಬ್ಬರ ಮಕ್ಕಳು ಕುಳಿತು ಅದೇ ಘಾಟಿಯನ್ನು ಇಳಿಯುವರು.

ಇವನು ಮಾಡಿದ ತಪ್ಪೇನು? ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎರವು ತಂದ ಮತ್ತು ಬಾಡಿಗೆಗೆ ತಂದ ವಸ್ತುಗಳನ್ನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕೆಂಬ ವಿಧಿಯುಂಟು. ಗೃಹಸ್ಥನು ಅದನ್ನು ಮೀರಲಿಲ್ಲ. ಪಡೆದಾಗ ಎಂತಿತ್ತೋ ಅಂತೆಯೇ ಕಾರನ್ನು ಒಪ್ಪಿಸಿದನು. ಆದರೆ ಕರಾರು ನೋಡುವುದು ವಸ್ತುವನ್ನು ಕೊಟ್ಟವನ ಕಡೆಗೆ. ಧರ್ಮವು ಅದನ್ನು ಮುಂದೆ ಹಿಡಿಯುವವನ ಕಡೆಗೂ ನೋಡುವುದು. ಆ ದೋಷವನ್ನು ಅರಿತವನು ಲೋಕದಲ್ಲಿ ಇವನೊಬ್ಬನೇ. ಅರಿತವನು ನುಡಿಯದಿದ್ದರೆ, ಆ ಅರಿವಿನ ಮಟ್ಟಿಗೆ ಅವನು ಕಳ್ಳನೇ ಸರಿ.

ಅಲ್ಪಕಾಲದ ಅನುಭೋಗಿಯಿಂದ ಇಷ್ಟನ್ನು ಬಯಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಹಿಂದೆ ಘಟ್ಟದ ಕೆಳಗಣ ಕನ್ನಡ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಗಳಿದ್ದುವು. ಮೂಲಗೇಣಿಯು ವಂಶಪಾರಂಪರ್ಯವಾದುದು, ಚಾಲಗೇಣಿಯವನನ್ನು ಒಡೆಯನು ಬೇಡವೆಂದಾಗ ಬಿಡಿಸಬಹುದಾಗಿತ್ತು. ಅಡಕೆಯ ಸಸಿಯನ್ನು ನೆಟ್ಟರೆ ಫಲಕ್ಕೆ ಐದಾರು ವರ್ಷವಾದರೂ ಕಾಯಬೇಕು. ಬರುವ ವರ್ಷ ನೆಲೆಯುಂಟೋ ಇಲ್ಲವೋ ಎಂದಿದ್ದವನು ತೋಟ ಎಬ್ಬಿಸಲಿಲ್ಲವೆಂದರೆ ತಪ್ಪು ಅವನದಲ್ಲ, ಕರಾರಿನದು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಪದ್ಧತಿಯೇ ಕೊನೆಗಂಡಿತು. ಅಂತೆಯೇ, ಬಾಡಿಗೆಯ ಕಾರಿಗೆ ಹೊಸ ಚಕ್ರಗಳನ್ನು ಹಾಕಿಸಿಕೊಡೆಂದು ಯಾರೂ ಕೇಳುವುದಿಲ್ಲ. ಆದರೆ ಸಸಿಯನ್ನು ನೆಡದಿರುವುದು ಬೇರೆ. ಬಾವಿಯಲ್ಲಿ ಹಾವು ಸತ್ತು ಬಿದ್ದಿರುವುದನ್ನು ಕಂಡೂ ಮುಂದೆ ನೀರು ಸೇದುವವನಿಗೆ ಹೇಳದಿರುವುದು ಬೇರೆ.

ಒಡೆತನದಿಂದ ಶ್ರದ್ಧೆ ಹೆಚ್ಚುವುದೆಂಬುದು ಸುಳ್ಳಲ್ಲ. ಕೊಪ್ಪದಲ್ಲಿ ಖಾಸಗಿ ಬಸ್ಸುಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಕಾರ್ಮಿಕರು 1991ರಲ್ಲಿ ತಾವೇ ಸಂಘ ಕಟ್ಟಿ ‘ಸಹಕಾರ ಸಾರಿಗೆ’ಯನ್ನು ಆರಂಭಿಸಿದರು, ಮಲೆನಾಡಿನ ಜನರ ಪ್ರೀತಿಗೆ ಪಾತ್ರವಾಗಿ ಅದು 2020ರ ವರೆಗೆ ನಡೆಯಿತು. ಒಡೆಯರಾದ ಮೇಲೆ ಅವರ ಉತ್ಸಾಹವು ಇಮ್ಮಡಿಸಿರಬಹುದು. ಆದರೆ ಒಡೆಯರಾಗುವುದಕ್ಕೆ ಮುಂಚೆಯೂ ಜನರ ಪ್ರಾಣವನ್ನು ಹಿಡಿದು ತಿರುವುಗಳನ್ನು ದಾಟಿಸಿದ ಕೈಗಳು ಅವೇ ಅಲ್ಲವೆ? ಬಸ್ಸು ಪರರದೆಂದು ಬ್ರೇಕನ್ನು ನೋಡದೆ ಹೊರಡುವ ಚಾಲಕನನ್ನು ಯಾರು ತಾನೆ ಕ್ಷಮಿಸಿಯಾರು? ಒಳಗೆ ಕುಳಿತವರ ಪ್ರಾಣವು ಬಸ್ಸಿನ ಒಡೆಯನು ಯಾರೆಂದು ಕೇಳುವುದಿಲ್ಲ.

ಇನ್ನು ಒಡೆತನವಾದರೂ ಎಷ್ಟು ದಿನದ್ದು? ನರಸಿಂಹರಾಜಪುರವನ್ನೇ ನೋಡಬಹುದು. ಎಡೇಹಳ್ಳಿಯಾಗಿದ್ದ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ತಾಳಿತು. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಗಳ ಮೇಲೆ ಪುಟ್ಟ ರೈಲೊಂದು ಓಡುತ್ತಿತ್ತು, ಈಗ ಅದಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ತಲೆಮಾರುಗಳಿಂದ ಉತ್ತು ಬಿತ್ತಿದ ಗದ್ದೆಗಳನ್ನು ಮುಳುಗಿಸಿತು. ತಮ್ಮದೆಂದು ನಂಬಿದವರೂ ಬಿಟ್ಟು ಏಳಬೇಕಾಯಿತು. ಕಾಲನ ಲೆಕ್ಕದಲ್ಲಿ ಊರಿಗೆ ಊರೇ ಚಾಲಗೇಣಿ. ಒಡೆತನದಿಂದಲೇ ಕರ್ತವ್ಯವು ಹುಟ್ಟುವುದಾದರೆ, ಭೂಮಿಯ ಮೇಲೆ ಯಾರಿಗೂ ಯಾವ ಕರ್ತವ್ಯವೂ ಉಳಿಯಲಾರದು.

ಆದುದರಿಂದ ವಸ್ತುವು ಯಾರದೆಂಬುದನ್ನು ಕೇಳಿಕೊಂಡರೆ ಸಾಲದು. ತನ್ನ ಬಳಿಕ ಅದನ್ನು ಹಿಡಿಯುವವನು ಯಾರೆಂಬುದನ್ನೂ ಕೇಳಿಕೊಳ್ಳಬೇಕು. ಆ ಗೃಹಸ್ಥನಿಗೆ ಇನ್ನೂ ಹೊತ್ತು ಮೀರಿಲ್ಲ. ಬ್ರೇಕು ಹಿಡಿಯುವುದಿಲ್ಲ ಎಂಬ ಎರಡು ಮಾತನ್ನು ಒಡೆಯನಿಗೆ ತಿಳಿಸಿದರೆ ಠೇವಣಿಯಲ್ಲಿ ಸ್ವಲ್ಪ ಹೋದೀತು. ಆದರೆ ಮುಂದಿನವನ ಮಕ್ಕಳು ಕ್ಷೇಮವಾಗಿ ಘಾಟಿಯನ್ನು ಇಳಿದಾರು.